ಪಿನ್ ಹೇಳಿದ ಮಾತು ಕೇಳದಿದ್ದಾಗ: ಆರ್ಡುಯಿನೋ ಊನೋ ಇನ್‌ಪುಟ್, ಔಟ್‌ಪುಟ್ ದೋಷ ಹುಡುಕುವ ಕ್ರಮ

ಆರ್ಡುಯಿನೋ ಊನೋ ಎಂದರೆ ಪ್ರೋಗ್ರಾಂ ಹಾಕಿ ಎಲ್ಇಡಿ, ಬಟನ್, ರಿಲೇಗಳನ್ನು ಆಡಿಸುವ ಪುಟ್ಟ ಬೋರ್ಡ್. ಅವುಗಳ ವೈರ್ ಚುಚ್ಚುವ ಜಾಗಗಳೇ ಪಿನ್‌ಗಳು. ಎಲ್ಇಡಿ ಹತ್ತುತ್ತಿಲ್ಲ. ಬಟನ್ ಒತ್ತದಿದ್ದರೂ ಒತ್ತಿದಂತೆ ತೋರಿಸುತ್ತಿದೆ. ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಕಟಕಟ ಎಂದು ಬೋರ್ಡೇ ರೀಸೆಟ್ ಆಗುತ್ತಿದೆ. ಇಂಥ ಹೊತ್ತಲ್ಲಿ ಹೊಸಬರ ಕೈ ಮೊದಲು ಹೋಗುವುದು ಪ್ರೋಗ್ರಾಂ ಕಡೆಗೆ. ಒಂದು ಸಾಲು ಬದಲಿಸಿ ಅಪ್‌ಲೋಡ್ ಮಾಡುತ್ತಾರೆ, ಆಗಲಿಲ್ಲವೆಂದು ಮತ್ತೊಂದು ಸಾಲು ಬದಲಿಸುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೊದಲು ಸರಿಯಿದ್ದ ಸಾಲುಗಳೂ ಕೆಟ್ಟಿರುತ್ತವೆ. ಈಗ ದೋಷ ಒಂದಲ್ಲ, ಎರಡು.

ಈ ಕೈಪಿಡಿಯ ಕ್ರಮ ಒಂದೇ: ಪ್ರೋಗ್ರಾಂ ಮುಟ್ಟುವ ಮುನ್ನ ಪಿನ್ ಮೇಲಿನ ವೋಲ್ಟೇಜ್ ಅಳೆಯಿರಿ. ಪ್ರೋಗ್ರಾಂ ಏನು ಹೇಳಿತು ಎಂಬುದು ಒಂದು, ಪಿನ್ ಮೇಲೆ ನಿಜಕ್ಕೂ ಏನಿದೆ ಎಂಬುದು ಇನ್ನೊಂದು. ಅವೆರಡೂ ಹೊಂದಿದರೆ ದೋಷ ಪಿನ್‌ನಿಂದ ಆಚೆಗೆ, ವೈರಿನಲ್ಲೋ ಬಿಡಿಭಾಗದಲ್ಲೋ ಇದೆ. ಹೊಂದದಿದ್ದರೆ ಒಂದೋ ಪ್ರೋಗ್ರಾಂ ತಪ್ಪು, ಇಲ್ಲವೇ ಪಿನ್ ಮೇಲೆ ಭಾರ ಹೆಚ್ಚಾಗಿದೆ.

ಬೇಕಾಗುವ ಸಾಮಾನು: ಊನೋ ಆರ್3 ಅಥವಾ ಅದರ ನಕಲು ಬೋರ್ಡ್, ಕಡಿಮೆ ಬೆಲೆಯದಾದರೂ ಸರಿ ಒಂದು ಡಿಜಿಟಲ್ ಮಲ್ಟಿಮೀಟರ್, 220 ಓಮ್, 1 ಕಿಲೋಓಮ್, 10 ಕಿಲೋಓಮ್ ರೆಸಿಸ್ಟರ್‌ಗಳು ನಾಲ್ಕಾರು, ಎರಡು ಕೆಂಪು ಎಲ್ಇಡಿ, ಒಂದು ಪುಶ್ ಬಟನ್, 100 ನ್ಯಾನೋಫ್ಯಾರಡ್ ಕೆಪಾಸಿಟರ್, ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಬಿಡಿಭಾಗ ಚುಚ್ಚಿ ಜೋಡಿಸುವ ಹಲಗೆ), ಜಂಪರ್ ವೈರ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇಷ್ಟೂ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಕಟ್ಟುಕಟ್ಟಾಗಿ ಸಿಗುವ ಅಗ್ಗದ ಜಂಪರ್ ವೈರ್‌ಗಳನ್ನು ಮಾತ್ರ ಬಳಸುವ ಮೊದಲೇ ಒಂದೊಂದಾಗಿ ಕಂಟಿನ್ಯೂಟಿ ಪರೀಕ್ಷೆ (ಮೀಟರಿನ ಬೀಪ್ ಸ್ಥಾನದಲ್ಲಿ ದಾರಿ ಕಡಿದಿಲ್ಲವೇ ಎಂದು ನೋಡುವುದು) ಮಾಡಿಕೊಳ್ಳಿ. ಹೊರಗಿನ ಪ್ಲಾಸ್ಟಿಕ್ ಗಟ್ಟಿಯಾಗಿದ್ದು ಒಳಗೆ ಕ್ರಿಂಪ್ ಬಿಟ್ಟುಹೋದ ವೈರ್ ಬರೀ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಪರೀಕ್ಷಿಸುವಾಗ ವೈರನ್ನು ತುದಿಯಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸಿ. ಬೀಪ್ ಮಧ್ಯೆ ಮಧ್ಯೆ ನಿಂತರೆ ಆ ವೈರನ್ನು ಮತ್ತೆ ಡಬ್ಬಿಗೆ ಹಾಕಬೇಡಿ, ಕತ್ತರಿಸಿ ಎಸೆಯಿರಿ.

ಮೊದಲು ಈ ಅಂಕಿಗಳು

ಊನೋ ಆರ್3 ಮೇಲಿರುವುದು ಎಟಿಮೆಗಾ328ಪಿ ಚಿಪ್. 5 ವೋಲ್ಟ್‌ನಲ್ಲಿ ಓಡುವಾಗ ಅದರ ಇನ್‌ಪುಟ್ ಪಿನ್ 1.5 ವೋಲ್ಟ್‌ಗಿಂತ ಕಡಿಮೆ ಇದ್ದುದನ್ನು ಲೋ ಎಂದೂ 3.0 ವೋಲ್ಟ್‌ಗಿಂತ ಹೆಚ್ಚಿದ್ದುದನ್ನು ಹೈ ಎಂದೂ ಖಚಿತವಾಗಿ ಓದುತ್ತದೆ. ನಡುವಿನದು ತ್ರಿಶಂಕು ವಲಯ: ಅಲ್ಲಿ ಹೈ ಬರಬಹುದು, ಲೋ ಬರಬಹುದು, ಇವತ್ತು ಒಂದು ನಾಳೆ ಒಂದು ಆಗಬಹುದು. ‘ಒಮ್ಮೊಮ್ಮೆ ಕೆಲಸ ಮಾಡುತ್ತೆ’ ಎಂಬ ದೂರುಗಳಲ್ಲಿ ಬಹುಪಾಲಿನ ಮೂಲ ಈ ವಲಯದಲ್ಲೇ ಇರುತ್ತದೆ.

ಔಟ್‌ಪುಟ್ ಪಿನ್ ಎಂದರೆ ನೇರ ಬ್ಯಾಟರಿಯಲ್ಲ. ಒಳಗೆ ಸುಮಾರು 25 ಓಮ್‌ನಷ್ಟು ರೆಸಿಸ್ಟೆನ್ಸ್ ಇದೆ ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಒಂದು ಪಿನ್ ತಾಳುವ ಗರಿಷ್ಠ ಕರೆಂಟ್ 40 ಮಿಲಿಆಂಪ್, ಇಡೀ ಚಿಪ್‌ಗೆ 200 ಮಿಲಿಆಂಪ್. ಇವು ಬಳಸಬೇಕಾದ ಅಂಕಿಗಳಲ್ಲ, ದಾಟಿದರೆ ಚಿಪ್ ಹಾಳಾಗುವ ಅಂಕಿಗಳು. ದಿನನಿತ್ಯಕ್ಕೆ ಪಿನ್ ಒಂದಕ್ಕೆ 20 ಮಿಲಿಆಂಪ್ ಒಳಗೇ ಇರಿ. ಒಳಗಿನ ಪುಲ್‌ಅಪ್ ರೆಸಿಸ್ಟರ್ (ಇನ್‌ಪುಟ್ ಪಿನ್ನನ್ನು 5 ವೋಲ್ಟ್ ಕಡೆಗೆ ಎಳೆದು ಹಿಡಿಯುವುದು) 20ರಿಂದ 50 ಕಿಲೋಓಮ್ ನಡುವೆ ಎಲ್ಲೋ ಇರುತ್ತದೆ. ಅದು ನಿಖರವಾದ ಬಿಡಿಭಾಗವಲ್ಲ ಎಂಬುದು ಮುಂದೆ ನೀರಿನ ಟ್ಯಾಂಕಿನ ಹತ್ತಿರ ಹೋದಾಗ ಗೊತ್ತಾಗುತ್ತದೆ.

ನಿಮ್ಮದು ಊನೋ ಆರ್4 ಆಗಿದ್ದರೆ ಈ ಅಂಕಿಗಳನ್ನು ಬಳಸಬೇಡಿ. ಅದರ ಚಿಪ್ ಬೇರೆ, ಪಿನ್ ಮಿತಿ ಬರೀ 8 ಮಿಲಿಆಂಪ್.

ಎಲ್ಲ ವೈರ್ ಬಿಚ್ಚಿ ಒಮ್ಮೆ ನೋಡಿ

ಪಿನ್‌ಗಳಿಂದ ಎಲ್ಲವನ್ನೂ ತೆಗೆದು ಬರೀ ಬೋರ್ಡಿಗೆ ಆರ್ಡುಯಿನೋ ತಂತ್ರಾಂಶದಲ್ಲೇ ಇರುವ ಬ್ಲಿಂಕ್ ಉದಾಹರಣೆಯನ್ನು ಹಾಕಿ. 13ನೇ ಪಿನ್ನಿನ ಎಲ್ಇಡಿ ಒಂದು ಸೆಕೆಂಡು ಹತ್ತಿ, ಒಂದು ಸೆಕೆಂಡು ಆರುತ್ತಿದ್ದರೆ ಚಿಪ್, ಯುಎಸ್‌ಬಿ, ಅಪ್‌ಲೋಡ್ ಮೂರೂ ಸರಿ. ವೈರ್ ಇದ್ದಾಗ ಅಪ್‌ಲೋಡ್ ಆಗದೆ, ಬಿಚ್ಚಿದಾಗ ಆದರೆ 0 ಅಥವಾ 1ನೇ ಪಿನ್‌ಗೆ ಏನಾದರೂ ಜೋಡಿಸಿದ್ದಿರಿ ಎಂದರ್ಥ. ಆ ಎರಡು ಪಿನ್‌ಗಳು ಕಂಪ್ಯೂಟರ್ ಜೊತೆಗಿನ ಸೀರಿಯಲ್ ಸಂಪರ್ಕಕ್ಕೆ ಮೀಸಲು. ಕಲಿಯುವ ಪ್ರಯೋಗಗಳಿಗೆ 2ನೇ ಪಿನ್‌ನಿಂದಲೇ ಶುರು ಮಾಡಿ.

ಆಮೇಲೆ 5 ವೋಲ್ಟ್ ಪಿನ್ ಮತ್ತು ಗ್ರೌಂಡ್ (0 ವೋಲ್ಟ್ ಪಿನ್) ನಡುವೆ ಅಳೆಯಿರಿ. ಯುಎಸ್‌ಬಿಯಿಂದ 4.75ರಿಂದ 5.25 ವೋಲ್ಟ್ ಬರಬೇಕು. 4.5ಕ್ಕಿಂತ ಕೆಳಗಿದ್ದರೆ ಕೇಬಲ್ ಬದಲಿಸಿ. ಮೊಬೈಲ್ ಚಾರ್ಜರಿನ ಜೊತೆ ಬಂದ ತೆಳ್ಳನೆಯ ಕೇಬಲ್‌ಗಳಲ್ಲಿ ವೋಲ್ಟೇಜ್ ಕುಸಿಯುವುದು ತೀರಾ ಸಾಮಾನ್ಯ. ಮೀಟರಿನ ಕೆಂಪು ವೈರ್ 10 ಆಂಪ್ ತೂತಿನಲ್ಲಿ ಇಲ್ಲವೆಂದು ಪ್ರತಿ ಬಾರಿ ನೋಡಿಕೊಳ್ಳಿ. ಅಲ್ಲಿದ್ದಾಗ ವೋಲ್ಟೇಜ್ ಅಳೆಯಲು ಹೋದರೆ ಮೀಟರೇ ಶಾರ್ಟ್ ಆಗಿ ನಿಲ್ಲುತ್ತದೆ.

ಕೊನೆಗೆ ಬ್ರೆಡ್‌ಬೋರ್ಡ್. ಉದ್ದನೆಯ ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಕೆಂಪು, ನೀಲಿ ಪಟ್ಟಿಗಳು ಎಷ್ಟೋ ಸಲ ನಡುವೆ ತುಂಡಾಗಿರುತ್ತವೆ. ಮೇಲಿನ ಗೆರೆಯೂ ಅಲ್ಲೇ ತುಂಡಾಗಿದ್ದರೆ ಅದೇ ಗುರುತು. ಗ್ರೌಂಡ್ ಕೊಟ್ಟಿದ್ದೀರಿ, ಆದರೆ ಪಟ್ಟಿಯ ಇನ್ನೊಂದು ಅರ್ಧಕ್ಕೆ ಅದು ತಲುಪಿಲ್ಲ. ನಡುವೆ ಒಂದು ಜಂಪರ್ ಹಾಕಿದರೆ ಆಯಿತು.

ಎಲ್ಇಡಿ ಹತ್ತದಿದ್ದರೆ, ಅಥವಾ ಮಂಕಾಗಿ ಹತ್ತಿದರೆ

8ನೇ ಪಿನ್‌ನಿಂದ 220 ಓಮ್, ಅಲ್ಲಿಂದ ಕೆಂಪು ಎಲ್ಇಡಿಯ ಉದ್ದ ಕಾಲು, ಗಿಡ್ಡ ಕಾಲು ಗ್ರೌಂಡಿಗೆ. ಎಲ್ಇಡಿಯ ಮೇಲೆ ಸುಮಾರು 2 ವೋಲ್ಟ್ ಉಳಿಯುತ್ತದೆ, ಮಿಕ್ಕ 3 ವೋಲ್ಟ್ ರೆಸಿಸ್ಟರಿನ ಮೇಲೆ. 3ನ್ನು 220ರಿಂದ ಭಾಗಿಸಿದರೆ ಸುಮಾರು 13 ಮಿಲಿಆಂಪ್. ಪಿನ್ ಆರಾಮವಾಗಿ ಕೊಡಬಲ್ಲದ್ದು. ಪ್ರೋಗ್ರಾಂನಲ್ಲಿ ಮಿನುಗಿಸುವುದು ಬೇಡ, ಪಿನ್ ಸುಮ್ಮನೆ ಹೈ ಆಗಿ ನಿಂತಿರಲಿ. ಮಿನುಗುವುದನ್ನು ಅಳೆಯುವುದು ಕಷ್ಟ.

ಈಗ ಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗೆ, ಕೆಂಪು ಕಡ್ಡಿ 8ನೇ ಪಿನ್‌ಗೆ ಹಿಡಿಯಿರಿ. ಬರುವ ಅಂಕಿಯೇ ದೋಷದ ಹೆಸರು ಹೇಳುತ್ತದೆ.

5 ವೋಲ್ಟ್ ಬಂದು ಎಲ್ಇಡಿ ಕತ್ತಲೆಯಾಗಿದ್ದರೆ ಕರೆಂಟ್ ಹರಿಯುತ್ತಲೇ ಇಲ್ಲ: ಎಲ್ಇಡಿ ತಿರುವುಮುರುವಾಗಿದೆ, ಇಲ್ಲವೇ ವೈರ್ ಬಿಟ್ಟಿದೆ. ಕೆಂಪು ಕಡ್ಡಿಯನ್ನು ಒಂದೊಂದೇ ಹೆಜ್ಜೆ ಮುಂದೆ ಸರಿಸುತ್ತಾ ಹೋಗಿ. ರೆಸಿಸ್ಟರಿನ ಆಚೆ ತುದಿಯಲ್ಲೂ 5, ಎಲ್ಇಡಿಯ ರೆಸಿಸ್ಟರ್ ಕಡೆಯ ಕಾಲಿನಲ್ಲೂ 5, ಗ್ರೌಂಡ್ ಕಡೆಯ ಕಾಲಿನಲ್ಲಿ 0 ಬಂದರೆ ಎಲ್ಇಡಿ ತಿರುವಾಗಿದೆ ಅಥವಾ ಸುಟ್ಟಿದೆ. ಗ್ರೌಂಡ್ ಕಡೆಯ ಕಾಲಿನಲ್ಲೂ 0 ಬರದೆ ವೋಲ್ಟೇಜ್ ತೋರಿದರೆ ಅಲ್ಲಿಂದ ಗ್ರೌಂಡಿಗೆ ಹೋಗುವ ದಾರಿ ಕಡಿದಿದೆ.

4.6, 4.7 ವೋಲ್ಟ್ ಬಂದು ಎಲ್ಇಡಿ ಚೆನ್ನಾಗಿ ಹತ್ತಿದ್ದರೆ ಎಲ್ಲವೂ ಸರಿ. 13 ಮಿಲಿಆಂಪ್ ಹರಿದಾಗ ಪಿನ್ನಿನೊಳಗೆ ಸುಮಾರು 0.3 ವೋಲ್ಟ್ ಬೀಳಲೇಬೇಕು.

2ರಿಂದ 2.5 ವೋಲ್ಟ್ ಬಂದು ಎಲ್ಇಡಿ ಕಣ್ಣು ಕೋರೈಸುವಂತೆ ಉರಿಯುತ್ತಿದ್ದರೆ ತಕ್ಷಣ ಯುಎಸ್‌ಬಿ ಎಳೆಯಿರಿ. ರೆಸಿಸ್ಟರ್ ಇಲ್ಲ, ಅಥವಾ ರೆಸಿಸ್ಟರಿನ ಎರಡೂ ಕಾಲು ಬ್ರೆಡ್‌ಬೋರ್ಡಿನ ಒಂದೇ ಸಾಲಿನಲ್ಲಿವೆ. ಕರೆಂಟ್ 40 ಮಿಲಿಆಂಪ್ ದಾಟಿದೆ. ಎಲ್ಇಡಿ ತಡೆದುಕೊಂಡರೂ ಪಿನ್ ಒಳಗೆ ಸವೆಯುತ್ತದೆ.

ಇನ್ನೊಂದು ಅಂಕಿ ಇದೆ, ಇದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಪಿನ್ ಮೇಲೆ 1.6ರಿಂದ 1.8 ವೋಲ್ಟ್, ಎಲ್ಇಡಿ ಕೋಣೆ ಕತ್ತಲೆ ಮಾಡಿದರೆ ಮಾತ್ರ ಕಾಣುವಷ್ಟು ಮಂಕು. ಎಲ್ಲರೂ ಬ್ಯಾಟರಿಯನ್ನೋ ಎಲ್ಇಡಿಯನ್ನೋ ದೂರುತ್ತಾರೆ. ದೋಷ ಇರುವುದು ಪಿನ್‌ಮೋಡ್ (ಪಿನ್ ಇನ್‌ಪುಟ್ಟೋ ಔಟ್‌ಪುಟ್ಟೋ ಎಂದು ಹೇಳುವ ಆಜ್ಞೆ) ಸಾಲು ಮರೆತದ್ದರಲ್ಲಿ, ಅಥವಾ ಆ ಸಾಲಿನಲ್ಲಿ ಬೇರೆ ಪಿನ್ ಸಂಖ್ಯೆ ಬರೆದದ್ದರಲ್ಲಿ. ಚಿಪ್ ಎದ್ದಾಗ ಎಲ್ಲ ಪಿನ್‌ಗಳೂ ಇನ್‌ಪುಟ್ ಆಗಿಯೇ ಏಳುತ್ತವೆ. ಇನ್‌ಪುಟ್ ಆಗಿರುವ ಪಿನ್‌ಗೆ ಡಿಜಿಟಲ್‌ರೈಟ್ ಮೂಲಕ ಹೈ ಎಂದರೆ ಅದು ಔಟ್‌ಪುಟ್ ಆಗುವುದಿಲ್ಲ, ಒಳಗಿನ ಪುಲ್‌ಅಪ್ ರೆಸಿಸ್ಟರ್ ಮಾತ್ರ ಆನ್ ಆಗುತ್ತದೆ. ಆ 35 ಕಿಲೋಓಮ್ ಆಸುಪಾಸಿನ ರೆಸಿಸ್ಟರ್ ಮೂಲಕ ಎಲ್ಇಡಿಗೆ ಸಿಗುವುದು ಒಂದು ಮಿಲಿಆಂಪಿನ ಹತ್ತನೇ ಒಂದು ಭಾಗದಷ್ಟೇ. ಒಮ್ಮೆ ಬೇಕೆಂದೇ ಪಿನ್‌ಮೋಡ್ ಸಾಲು ಅಳಿಸಿ ಈ ಪ್ರಯೋಗ ಮಾಡಿ ನೋಡಿ. ಇನ್‌ಪುಟ್, ಔಟ್‌ಪುಟ್, ಪುಲ್‌ಅಪ್ ಮೂರರ ವ್ಯತ್ಯಾಸವೂ ಒಂದೇ ಎಲ್ಇಡಿಯ ಮಂಕು ಬೆಳಕಿನಲ್ಲಿ ಕಾಣುತ್ತದೆ. ಎಷ್ಟು ಪುಟ ಓದಿದರೂ ಇಷ್ಟು ಸ್ಪಷ್ಟವಾಗಿ ಮನಸ್ಸಿಗೆ ಕೂರುವುದಿಲ್ಲ.

ಬೆಳಕಿನ ಮಟ್ಟ ಏರಿಳಿಸಲು ಅನಲಾಗ್‌ರೈಟ್ ಬಳಸುತ್ತಿದ್ದು, 127ರವರೆಗೆ ಏನೂ ಆಗದೆ 128ಕ್ಕೆ ಒಮ್ಮೆಲೇ ಪೂರ್ತಿ ಹತ್ತಿದರೆ ಆ ಪಿನ್‌ಗೆ ಪಿಡಬ್ಲ್ಯುಎಂ (ವೇಗವಾಗಿ ಆನ್, ಆಫ್ ಮಾಡಿ ಸರಾಸರಿ ಮಟ್ಟ ಕೊಡುವ) ಸೌಲಭ್ಯವಿಲ್ಲ. ಊನೋದಲ್ಲಿ ಇರುವುದು 3, 5, 6, 9, 10, 11ನೇ ಪಿನ್‌ಗಳಿಗೆ ಮಾತ್ರ. ಸರಿಯಾದ ಪಿನ್ನಿನಲ್ಲೂ ಹೀಗೇ ಆದರೆ ಪ್ರೋಗ್ರಾಂನಲ್ಲಿ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್) ಲೈಬ್ರರಿ ಇದೆಯೇ ನೋಡಿ: ಅದು 9 ಮತ್ತು 10ರ ಪಿಡಬ್ಲ್ಯುಎಂ ಕಿತ್ತುಕೊಳ್ಳುತ್ತದೆ. ಸದ್ದು ಹೊರಡಿಸುವ ಟೋನ್ ಆಜ್ಞೆ ಬಳಸಿದರೆ 3 ಮತ್ತು 11 ಕೆಡುತ್ತವೆ. ಮೀಟರಿನಲ್ಲಿ 127ಕ್ಕೆ 2.5 ವೋಲ್ಟ್ ತೋರುವುದು ಬರೀ ಸರಾಸರಿ. ಪಿನ್ ಮೇಲೆ ನಿಜವಾಗಿ ಇರುವುದು 0 ಮತ್ತು 5 ಮಾತ್ರ. ಬಹುತೇಕ ಪಿನ್‌ಗಳಲ್ಲಿ ಸೆಕೆಂಡಿಗೆ ಸುಮಾರು 490 ಬಾರಿ, 5 ಮತ್ತು 6ರಲ್ಲಿ ಸುಮಾರು 980 ಬಾರಿ ಅವು ಅದಲುಬದಲಾಗುತ್ತಿರುತ್ತವೆ.

ಒತ್ತದ ಬಟನ್ ಒತ್ತಿದಂತೆ ತೋರಿದರೆ

ಮೊದಲು ಬಟನ್ ಇಲ್ಲದೆಯೇ ಈ ಪ್ರಯೋಗ. 2ನೇ ಪಿನ್ನನ್ನು ಬರೀ ಇನ್‌ಪುಟ್ ಮಾಡಿ, ಅದರ ಮೌಲ್ಯವನ್ನು ನೇರ 13ನೇ ಪಿನ್ನಿನ ಎಲ್ಇಡಿಗೆ ಕಳಿಸಿ. 2ನೇ ಪಿನ್‌ಗೆ ಒಂದಡಿ ಉದ್ದದ ವೈರ್ ಚುಚ್ಚಿ, ಇನ್ನೊಂದು ತುದಿ ಎಲ್ಲಿಗೂ ಹೋಗುವುದು ಬೇಡ. ಕೈ ಹತ್ತಿರ ತನ್ನಿ, ದೂರ ಒಯ್ಯಿರಿ, ವೈರನ್ನು ಟ್ಯೂಬ್‌ಲೈಟ್ ಕಡೆಗೋ ಎಕ್ಸ್‌ಟೆನ್ಶನ್ ಬಾಕ್ಸ್ ಕಡೆಗೋ ಚಾಚಿ. ಎಲ್ಇಡಿ ತನ್ನ ಪಾಡಿಗೆ ತಾನು ಹತ್ತಿ ಆರುತ್ತದೆ. ಮನೆಯ 230 ವೋಲ್ಟ್, 50 ಹರ್ಟ್ಜ್ ವೈರಿಂಗಿನ ಪ್ರಭಾವವನ್ನು ಆ ವೈರ್ ಆಂಟೆನಾದಂತೆ ಹಿಡಿಯುತ್ತಿದೆ. ಅದೇ ವೈರನ್ನು ಅನಲಾಗ್ ಪಿನ್ ಎ0ಗೆ ಚುಚ್ಚಿ, ಓದಿದ ಅಂಕಿಗಳನ್ನು ಗೆರೆಯಾಗಿ ತೋರಿಸುವ ಸೀರಿಯಲ್ ಪ್ಲಾಟರ್ ತೆರೆದರೆ 20 ಮಿಲಿಸೆಕೆಂಡಿಗೊಮ್ಮೆ ಏರಿಳಿಯುವ ಅಲೆಯೇ ಕಾಣಿಸುತ್ತದೆ.

ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಾಗ ಈ ಆಟ ಕಡಿಮೆಯಾಗಿ, ಹಾಕಿದಾಗ ಹೆಚ್ಚಿದರೆ ಬೆರಗಾಗಬೇಡಿ. ಅರ್ಥಿಂಗ್ ಸರಿಯಿಲ್ಲದ ಸಾಕೆಟ್‌ಗಳಲ್ಲಿ ಚಾರ್ಜರ್ ಲ್ಯಾಪ್‌ಟಾಪಿನ ಗ್ರೌಂಡನ್ನೇ ಭೂಮಿಗಿಂತ ಸ್ವಲ್ಪ ವೋಲ್ಟೇಜ್ ಮೇಲೆ ತೇಲಿಸುತ್ತದೆ. ಲೋಹದ ಮೈ ಸವರಿದರೆ ಜುಮ್ಮೆನ್ನುವುದೂ ಅದರಿಂದಲೇ. ಚಾರ್ಜರ್ ಹಾಕಿದಾಗ ಮಾತ್ರ ಬಟನ್ ಕೆಡುತ್ತದೆ ಎಂದು ಯಾರಾದರೂ ಹೇಳಿದರೆ ತೊಂದರೆ ಚಾರ್ಜರಿನದಲ್ಲ, ಇನ್‌ಪುಟ್‌ಗೆ ಪುಲ್‌ಅಪ್ ಇಲ್ಲ.

ಇಲ್ಲಿ ಮೀಟರ್ ನಮ್ಮನ್ನು ದಾರಿ ತಪ್ಪಿಸಬಹುದು. ತೇಲುತ್ತಿರುವ, ಅಂದರೆ 5 ವೋಲ್ಟ್‌ಗೂ ಗ್ರೌಂಡಿಗೂ ಕಟ್ಟಿರದ ಪಿನ್‌ಗೆ ಮೀಟರ್ ಹಚ್ಚಿದ ಕೂಡಲೇ ಮೀಟರಿನ ಒಳಗಿನ 10 ಮೆಗಾಓಮ್ ಪಿನ್ನನ್ನು ಗ್ರೌಂಡ್ ಕಡೆ ಎಳೆದುಬಿಡುತ್ತದೆ. ಅಂಕಿ 0 ಹತ್ತಿರ ಬರುತ್ತದೆ, ದೋಷವೂ ಮಾಯವಾಗುತ್ತದೆ. ಕಡ್ಡಿ ತೆಗೆದರೆ ಮತ್ತೆ ಶುರು. ಅಳೆಯುವಾಗ ಮಾತ್ರ ಸರಿಹೋಗುವ ಇನ್‌ಪುಟ್ ಎಂದರೆ ತೇಲುತ್ತಿರುವ ಇನ್‌ಪುಟ್. ಇನ್ನೇನೂ ಹುಡುಕಬೇಡಿ.

ಪರಿಹಾರ ಸರಳ. ಪಿನ್‌ಮೋಡ್‌ನಲ್ಲಿ ಇನ್‌ಪುಟ್ ಪುಲ್‌ಅಪ್ ಎಂದು ಬರೆಯಿರಿ, ಬಟನ್ನನ್ನು ಪಿನ್ ಮತ್ತು ಗ್ರೌಂಡ್ ನಡುವೆ ಹಾಕಿ. ಈಗ ಒತ್ತದಿದ್ದಾಗ ಹೈ, ಒತ್ತಿದಾಗ ಲೋ. ತರ್ಕ ತಲೆಕೆಳಗಾಯಿತು ಎಂದು ಗಾಬರಿಯಾಗಿ ಬಟನ್ನನ್ನು 5 ವೋಲ್ಟ್ ಕಡೆಗೆ ತಿರುಗಿಸಬೇಡಿ. ಹಾಗೆ ಮಾಡಿದರೆ ಒತ್ತಿದರೂ ಹೈ, ಬಿಟ್ಟರೂ ಹೈ. ವೈರ್ ಮೀಟರುಗಟ್ಟಲೆ ಉದ್ದ ಹೋಗುವುದಾದರೆ ಒಳಗಿನ ಪುಲ್‌ಅಪ್ ಸಾಲದು, ಹೊರಗೆ 4.7 ಕಿಲೋಓಮ್ ಹಾಕಿ.

ಬಟನ್ ಯಾವಾಗಲೂ ಒತ್ತಿದಂತೆಯೇ ಇದ್ದರೆ ನಾಲ್ಕು ಕಾಲಿನ ಆ ಪುಟ್ಟ ಬಟನ್ನನ್ನು 90 ಡಿಗ್ರಿ ತಿರುಗಿಸಿ ಹಾಕಿ. ನಾಲ್ಕು ಕಾಲುಗಳಲ್ಲಿ ಎರಡೆರಡು ಒಳಗೇ ಸೇರಿಕೊಂಡಿರುತ್ತವೆ. ಕಂಟಿನ್ಯೂಟಿಯಲ್ಲಿ ಒತ್ತದೆಯೇ ಬೀಪ್ ಬರುವ ಜೋಡಿ ಬೇಡ. ಕರ್ಣರೇಖೆಯ ಎದುರುಬದುರು ಕಾಲುಗಳನ್ನು ಆರಿಸಿಕೊಂಡರೆ ಯಾವತ್ತೂ ತಪ್ಪುವುದಿಲ್ಲ.

13ನೇ ಪಿನ್ನನ್ನು ಬಟನ್‌ಗೆ ಬಳಸಬೇಡಿ. ಹಳೆಯ ಬೋರ್ಡ್‌ಗಳಲ್ಲಿ ಅದಕ್ಕೆ ಎಲ್ಇಡಿ ಮತ್ತು ರೆಸಿಸ್ಟರ್ ನೇರವಾಗಿ ಜೋಡಿಸಿರುವುದರಿಂದ ಪುಲ್‌ಅಪ್ ಆನ್ ಮಾಡಿದರೂ ವೋಲ್ಟೇಜ್ 1.7ರ ಸುತ್ತ ನಿಂತುಬಿಡುತ್ತದೆ: ಮತ್ತೆ ತ್ರಿಶಂಕು.

ಒಂದು ಒತ್ತಿಗೆ ನಾಲ್ಕು ಎಣಿಕೆ

ಲೋಹದ ಎರಡು ತುಂಡುಗಳು ತಾಗಿದಾಗ ಕೆಲವು ಮಿಲಿಸೆಕೆಂಡುಗಳ ಕಾಲ ಪುಟಿಯುತ್ತವೆ, ಚಿಪ್ ಅಷ್ಟನ್ನೂ ಎಣಿಸುತ್ತದೆ. ಇದು ಬೌನ್ಸ್. ಆದರೆ ಎಣಿಕೆ ತಪ್ಪಿದ್ದೆಲ್ಲ ಬೌನ್ಸ್ ಅಲ್ಲ, ಬೇರ್ಪಡಿಸಲು ಒಂದು ಸುಲಭ ಪರೀಕ್ಷೆಯಿದೆ. ಬಟನ್ನನ್ನು ಒತ್ತಿ ಹತ್ತು ಸೆಕೆಂಡು ಅಲ್ಲಾಡಿಸದೆ ಹಿಡಿಯಿರಿ. ಒತ್ತುವ ಕ್ಷಣ, ಬಿಡುವ ಕ್ಷಣ ಮಾತ್ರ ಎಣಿಕೆ ಜಿಗಿದರೆ ಬೌನ್ಸ್. ಹಿಡಿದುಕೊಂಡಿರುವಾಗಲೂ ಏರುತ್ತಿದ್ದರೆ ಲೂಸ್ ಕಾಂಟ್ಯಾಕ್ಟ್. ಕೈ ಬಿಟ್ಟಿರುವಾಗ ತಾನಾಗಿ ಏರುತ್ತಿದ್ದರೆ ತೇಲುವ ಪಿನ್. ಲೂಸ್ ಕಾಂಟ್ಯಾಕ್ಟನ್ನು ಡಿಬೌನ್ಸ್ ಕೋಡ್ ಬರೆದು ಮುಚ್ಚಿದರೆ ಅದು ಮುಂದೊಂದು ದಿನ ಬೇಡದ ಹೊತ್ತಲ್ಲಿ ಎದ್ದು ಬರುತ್ತದೆ.

ಬೌನ್ಸ್‌ಗೆ ಮದ್ದು: ಸ್ಥಿತಿ ಬದಲಾದ ಸಮಯವನ್ನು ಮಿಲಿಸ್‌ನಿಂದ (ಬೋರ್ಡ್ ಶುರುವಾಗಿ ಎಷ್ಟು ಮಿಲಿಸೆಕೆಂಡು ಆಯಿತೆಂದು ಹೇಳುವ ಆಜ್ಞೆ) ಗುರುತಿಸಿಕೊಂಡು, 20ರಿಂದ 50 ಮಿಲಿಸೆಕೆಂಡು ಅದೇ ಸ್ಥಿತಿ ಉಳಿದರೆ ಮಾತ್ರ ನಂಬುವುದು.

ಬಟನ್ ಗಟ್ಟಿಯಾಗಿ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮಾತ್ರ ಕೆಲಸ ಮಾಡುತ್ತದೆ ಎಂಬುದು ಬಟನ್ನಿನ ದೋಷವೇ ಅಲ್ಲ. ಪ್ರೋಗ್ರಾಂನಲ್ಲಿ ಎಲ್ಲೋ ಡಿಲೇ 1000 ಇದೆ, ಆ ಒಂದು ಸೆಕೆಂಡು ಚಿಪ್ ಪಿನ್ ಕಡೆ ನೋಡುವುದೇ ಇಲ್ಲ.

ನೀರಿನ ಟ್ಯಾಂಕ್: ಒಂದು ಮನೆಯಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು

ಮೇಲಿನ ಟ್ಯಾಂಕ್ ತುಂಬಿದ್ದು ತಿಳಿಯಲು ಎರಡು ಸ್ಟೀಲ್ ಕಡ್ಡಿ ಇಳಿಬಿಟ್ಟು, ಒಂದನ್ನು ಗ್ರೌಂಡಿಗೆ, ಇನ್ನೊಂದನ್ನು ಇನ್‌ಪುಟ್ ಪುಲ್‌ಅಪ್ ಪಿನ್‌ಗೆ ಜೋಡಿಸುವುದು ನಮ್ಮಲ್ಲಿ ಬಹಳ ಜನ ಮಾಡುವ ಮೊದಲ ಉಪಯೋಗದ ಕೆಲಸ. ಬಟನ್ ಜಾಗದಲ್ಲಿ ನೀರು, ಅಷ್ಟೇ ಅಲ್ಲವೇ ಎಂದುಕೊಳ್ಳುತ್ತೇವೆ. ಅಷ್ಟೇ ಅಲ್ಲ. ಬಟನ್ ಒತ್ತಿದರೆ 0 ಓಮ್. ನೀರು ಎಂದೂ 0 ಓಮ್ ಅಲ್ಲ.

ಪುಲ್‌ಅಪ್ 35 ಕಿಲೋಓಮ್ ಎಂದಿಟ್ಟುಕೊಳ್ಳಿ. ಲವಣ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ಕಡ್ಡಿಗಳ ನಡುವೆ 5 ಕಿಲೋಓಮ್ ಬಂತೆಂದರೆ ಪಿನ್ ಮೇಲೆ 0.6 ವೋಲ್ಟ್ ಉಳಿಯುತ್ತದೆ: ಸ್ಪಷ್ಟ ಲೋ, ಎಲ್ಲವೂ ಚೆನ್ನ. ಲವಣ ಕಡಿಮೆಯಿರುವ ನೀರಿನಲ್ಲಿ 20 ಕಿಲೋಓಮ್ ಬಂದರೆ 1.8 ವೋಲ್ಟ್: ತ್ರಿಶಂಕು ವಲಯ, ಮೋಟಾರ್ ಒಮ್ಮೆ ನಿಲ್ಲುತ್ತದೆ, ಒಮ್ಮೆ ನಿಲ್ಲುವುದಿಲ್ಲ. ಮಳೆಕೊಯ್ಲಿನ ನೀರಿನಲ್ಲಿ 200 ಕಿಲೋಓಮ್ ಬಂದರೆ 4.3 ವೋಲ್ಟ್: ಟ್ಯಾಂಕ್ ತುಂಬಿ ಹೊರಗೆ ಹರಿಯುತ್ತಿದ್ದರೂ ಚಿಪ್‌ಗೆ ಅದು ಖಾಲಿ ಟ್ಯಾಂಕ್. ಬೇಸಿಗೆಯಲ್ಲಿ ಬೋರ್‌ವೆಲ್ ನೀರಿನಲ್ಲಿ ಚೆನ್ನಾಗಿ ನಡೆದದ್ದು ಮಳೆಗಾಲದಲ್ಲಿ ಕೈಕೊಡುವುದು ಹೀಗೆ. ವೈರ್ ನೆನೆದಿದೆ ಎಂದು ಎಲ್ಲರೂ ವೈರ್ ಬದಲಿಸುತ್ತಾರೆ, ಬದಲಾಗಿದ್ದು ನೀರು.

ಪತ್ತೆ ಹಚ್ಚಲು ಕಡ್ಡಿ ನೀರಿನಲ್ಲಿರುವಾಗಲೇ ಪಿನ್ ವೋಲ್ಟೇಜ್ ಅಳೆಯಿರಿ. 1 ವೋಲ್ಟ್‌ಗಿಂತ ಮೇಲಿದ್ದರೆ ಇವತ್ತು ಕೆಲಸ ಮಾಡುತ್ತಿದ್ದರೂ ಅದನ್ನು ನಂಬಬೇಡಿ. ನೀರಿನ ರೆಸಿಸ್ಟೆನ್ಸನ್ನು ಮೀಟರಿನ ಓಮ್ ಸ್ಥಾನದಲ್ಲಿ ಅಳೆಯಲು ಹೋಗಬೇಡಿ, ಕಡ್ಡಿಗಳ ಮೇಲೆ ರಾಸಾಯನಿಕ ಕ್ರಿಯೆ ನಡೆದು ಅಂಕಿ ಜಾರುತ್ತಲೇ ಇರುತ್ತದೆ.

ಸರಿಪಡಿಸುವ ಕ್ರಮ: ಒಳಗಿನ ಪುಲ್‌ಅಪ್ ಆಫ್ ಮಾಡಿ ಪಿನ್ನನ್ನು ಬರೀ ಇನ್‌ಪುಟ್ ಮಾಡಿ. ಹೊರಗಿನಿಂದ 1 ಮೆಗಾಓಮ್ ರೆಸಿಸ್ಟರನ್ನು 5 ವೋಲ್ಟ್‌ಗೆ ಕಟ್ಟಿ. ಪಿನ್ ಮತ್ತು ಗ್ರೌಂಡ್ ನಡುವೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಉದ್ದ ವೈರ್ ಹಿಡಿಯುವ 50 ಹರ್ಟ್ಜ್ ಗಲಾಟೆ ತಗ್ಗುತ್ತದೆ. ಟ್ಯಾಂಕಿನಿಂದ ಬರುವ ವೈರ್ ಮತ್ತು ಪಿನ್ ನಡುವೆ 10 ಕಿಲೋಓಮ್ ಇರಲಿ, ಅದು ಪಿನ್ನಿನ ರಕ್ಷಣೆಗೆ. ಈಗ 200 ಕಿಲೋಓಮ್ ನೀರಿಗೂ 0.9 ವೋಲ್ಟ್ ಒಳಗೇ ಬರುತ್ತದೆ. ಒಣಗಿದ್ದಾಗ ಮೀಟರ್ 5 ತೋರದೆ 4.5 ತೋರಿದರೆ ದೋಷವಲ್ಲ, 1 ಮೆಗಾಓಮ್ ಮುಂದೆ ಮೀಟರಿನ 10 ಮೆಗಾಓಮ್ ಭಾರವಾಗಿ ಕೂತಿದೆ. ಕಡ್ಡಿಗಳಲ್ಲಿ ಹರಿಯುವ ಕರೆಂಟ್ 5 ಮೈಕ್ರೋಆಂಪಿಗೆ ಇಳಿಯುವುದರಿಂದ ಅವು ತುಕ್ಕು ಹಿಡಿಯುವುದೂ ನಿಧಾನವಾಗುತ್ತದೆ. ಇನ್ನೂ ಉಳಿಸಬೇಕೆಂದರೆ 1 ಮೆಗಾಓಮ್‌ನ ಮೇಲಿನ ತುದಿಯನ್ನು 5 ವೋಲ್ಟ್ ಬದಲು ಒಂದು ಔಟ್‌ಪುಟ್ ಪಿನ್‌ಗೆ ಕೊಟ್ಟು, ನಿಮಿಷಕ್ಕೊಮ್ಮೆ ಹೈ ಮಾಡಿ, ಕೆಪಾಸಿಟರ್ ತುಂಬಲು ಅರ್ಧ ಸೆಕೆಂಡು ಬಿಟ್ಟು ಓದಿ, ಮತ್ತೆ ಲೋ ಮಾಡಿ.

ಅನಲಾಗ್ ಅಂಕಿ ಕುಣಿದರೆ

ಎ0ದಿಂದ ಎ5ರವರೆಗಿನ ಪಿನ್‌ಗಳು 0ಯಿಂದ 5 ವೋಲ್ಟನ್ನು 0ಯಿಂದ 1023ರ ಅಂಕಿಯಾಗಿ ಕೊಡುತ್ತವೆ. ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಎ0ಗೆ ಜೋಡಿಸಿದ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ತಿರುಗಿಸಿದರೆ ಏನೂ ಜೋಡಿಸದ ಎ1 ಕೂಡ ಅದರ ಹಿಂದೆಯೇ ಏರಿಳಿದರೆ ಬೋರ್ಡ್ ಕೆಟ್ಟಿಲ್ಲ. ಒಳಗಿರುವುದು ಒಂದೇ ಪರಿವರ್ತಕ, ಅದು ಪಿನ್‌ನಿಂದ ಪಿನ್‌ಗೆ ಸ್ವಿಚ್ ಆಗುತ್ತಾ ಹೋಗುತ್ತದೆ. ಅದರ ಪುಟ್ಟ ಕೆಪಾಸಿಟರ್‌ನಲ್ಲಿ ಹಿಂದಿನ ಪಿನ್ನಿನ ವೋಲ್ಟೇಜ್ ಉಳಿದಿರುತ್ತದೆ. ಸೆನ್ಸರ್‌ನ ರೆಸಿಸ್ಟೆನ್ಸ್ 10 ಕಿಲೋಓಮ್ ಒಳಗಿದ್ದರೆ ಈ ತೊಂದರೆಯಿಲ್ಲ. 100 ಕಿಲೋಓಮ್ ಪಾಟ್ ಬಳಸಿದ್ದರೆ 10 ಕಿಲೋಓಮ್‌ನದಕ್ಕೆ ಬದಲಿಸಿ, ಆಗದಿದ್ದರೆ ಪಿನ್‌ಗೆ 100 ನ್ಯಾನೋಫ್ಯಾರಡ್ ಹಾಕಿ, ಪಿನ್ ಬದಲಿಸಿದಾಗಲೆಲ್ಲ ಮೊದಲ ಓದನ್ನು ಬಿಟ್ಟು ಎರಡನೆಯದನ್ನು ತೆಗೆದುಕೊಳ್ಳಿ.

ಅಂಕಿ ಸ್ಥಿರವಾಗಿದ್ದೂ ತಪ್ಪಾಗಿದ್ದರೆ 5 ವೋಲ್ಟ್ ನಿಜಕ್ಕೂ ಎಷ್ಟಿದೆ ಅಳೆಯಿರಿ. ಎಲ್‌ಎಂ35 ಎಂಬ ಉಷ್ಣಾಂಶದ ಸೆನ್ಸರ್ ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 30 ಡಿಗ್ರಿಗೆ 300 ಮಿಲಿವೋಲ್ಟ್. ಯುಎಸ್‌ಬಿ 4.75 ವೋಲ್ಟ್ ಮಾತ್ರ ಕೊಡುತ್ತಿದ್ದು, ಪ್ರೋಗ್ರಾಂ 5 ಎಂದುಕೊಂಡರೆ ಉತ್ತರ 31 ಡಿಗ್ರಿ ದಾಟುತ್ತದೆ. ಚಿಪ್ಪಿನೊಳಗಿನ 1.1 ವೋಲ್ಟ್ ರೆಫರೆನ್ಸ್ (ಅಳತೆಗೆ ಆಧಾರವಾಗುವ ವೋಲ್ಟೇಜ್) ಆರಿಸಿಕೊಳ್ಳಿ: ಯುಎಸ್‌ಬಿ ಏರಿಳಿತದ ಕಾಟ ತಪ್ಪುತ್ತದೆ, ಅರ್ಧ ಡಿಗ್ರಿಯ ಮೆಟ್ಟಿಲು ಸುಮಾರು ಹತ್ತನೇ ಒಂದು ಡಿಗ್ರಿಗೆ ಇಳಿಯುತ್ತದೆ. ಆಗ ಎರೆಫ್ (ರೆಫರೆನ್ಸ್ ವೋಲ್ಟೇಜಿನ) ಪಿನ್‌ಗೆ ಹೊರಗಿನ ವೋಲ್ಟೇಜ್ ಕೊಟ್ಟಿರಬಾರದು, ಕೊಟ್ಟಿದ್ದರೆ ಎರಡೂ ಒಳಗೆ ಶಾರ್ಟ್ ಆಗುತ್ತವೆ.

ರಿಲೇ, ಮೋಟಾರ್ ಹಾಕಿದಾಗ ಬೋರ್ಡ್ ರೀಸೆಟ್ ಆದರೆ

ಸಾಮಾನ್ಯ 5 ವೋಲ್ಟ್ ರಿಲೇಯ ಕಾಯಿಲ್ ಸುಮಾರು 70 ಓಮ್, ಅಂದರೆ 70 ಮಿಲಿಆಂಪ್ ಬೇಕು. ಪಿನ್‌ಗೆ ನೇರ ಜೋಡಿಸಿದರೆ ಪಿನ್ ವೋಲ್ಟೇಜ್ 4ಕ್ಕಿಂತ ಕೆಳಗೆ ಕುಸಿದು ರಿಲೇ ಎಳೆದೂ ಎಳೆಯದಂತೆ ಗುಂಯ್‌ಗುಡುತ್ತದೆ. ನಡುವೆ ಟ್ರಾನ್ಸಿಸ್ಟರ್ ಬೇಕೇ ಬೇಕು: ಪಿನ್‌ನಿಂದ 680 ಓಮ್ ಮೂಲಕ ಪಿಎನ್2222ರ ಬೇಸ್‌ಗೆ, ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಕಾಯಿಲ್‌ಗೆ, ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್, ಅದರ ಬಿಳಿ ಪಟ್ಟಿ 5 ವೋಲ್ಟ್ ಕಡೆಗೆ. ಡಯೋಡ್ ಮರೆತರೆ ರಿಲೇ ಆಫ್ ಆಗುವ ಕ್ಷಣದಲ್ಲಿ ಬೋರ್ಡ್ ರೀಸೆಟ್ ಆಗುತ್ತದೆ, ಟ್ರಾನ್ಸಿಸ್ಟರ್ ಕೂಡ ಹೆಚ್ಚು ದಿನ ಉಳಿಯುವುದಿಲ್ಲ. ಆನ್ ಆಗುವ ಕ್ಷಣದಲ್ಲಿ ರೀಸೆಟ್ ಆದರೆ ಕಾರಣ ಬೇರೆ: ಸಪ್ಲೈ ಸಾಲದೆ 5 ವೋಲ್ಟ್ ಕುಸಿಯುತ್ತಿದೆ.

ರಿಲೇ ಎಳೆಯದಿದ್ದರೆ ಬೇಸ್ ಅಳೆಯಿರಿ. 0.7 ವೋಲ್ಟ್ ಬಂದು ಕಲೆಕ್ಟರ್ 0.3ಕ್ಕಿಂತ ಕಡಿಮೆಯಿದ್ದರೆ ಟ್ರಾನ್ಸಿಸ್ಟರ್ ತನ್ನ ಕೆಲಸ ಮಾಡುತ್ತಿದೆ, ಕಾಯಿಲ್ ನೋಡಿ. ಬೇಸ್ 4, 5 ವೋಲ್ಟ್ ಇದ್ದರೆ ಎಮಿಟರ್ ಗ್ರೌಂಡಿಗೆ ತಲುಪಿಲ್ಲ, ಅಥವಾ ಟ್ರಾನ್ಸಿಸ್ಟರ್ ಸುಟ್ಟಿದೆ. ಬೇಸ್ ಸರಿಯಿದ್ದೂ ಕಲೆಕ್ಟರ್ ಇಳಿಯದಿದ್ದರೆ ಮೈಮೇಲಿನ ಹೆಸರು ಓದಿ: ಪಿಎನ್2222 ಮತ್ತು ಪಿ2ಎನ್2222ಎ ನೋಡಲು ಅವಳಿಗಳು, ಆದರೆ ಕಲೆಕ್ಟರ್ ಮತ್ತು ಎಮಿಟರ್ ಅದಲುಬದಲು.

ಬಜಾರಿನ ರೆಡಿ ರಿಲೇ ಮಾಡ್ಯೂಲ್‌ಗಳಲ್ಲಿ ಹಲವು ಲೋ ಕೊಟ್ಟಾಗ ಆನ್ ಆಗುತ್ತವೆ. ಬೋರ್ಡ್ ಆನ್ ಆದ ಕೂಡಲೇ ರಿಲೇ ಒಮ್ಮೆ ಟಕ್ ಎನ್ನುವುದು ಇದರಿಂದ: ಪಿನ್‌ಮೋಡ್ ಔಟ್‌ಪುಟ್ ಎಂದ ಕ್ಷಣ ಪಿನ್ ಲೋ ಆಗಿರುತ್ತದೆ. ಮೊದಲು ಡಿಜಿಟಲ್‌ರೈಟ್ ಹೈ, ಆಮೇಲೆ ಪಿನ್‌ಮೋಡ್ ಔಟ್‌ಪುಟ್, ಈ ಕ್ರಮದಲ್ಲಿ ಬರೆದರೆ ನಿಲ್ಲುತ್ತದೆ. ಪಂಪ್‌ಸೆಟ್ ಸ್ಟಾರ್ಟರ್‌ಗೆ ಜೋಡಿಸುವವರು ಈ ಒಂದು ಟಕ್ಕನ್ನು ಹಗುರವಾಗಿ ತೆಗೆದುಕೊಳ್ಳಬಾರದು. ರಿಲೇಯ 230 ವೋಲ್ಟ್ ಬದಿಯನ್ನು ಎಂದೂ ಬ್ರೆಡ್‌ಬೋರ್ಡಿಗೆ ತರಬೇಡಿ. ಪರೀಕ್ಷೆಯೆಲ್ಲ ಮುಗಿಯುವವರೆಗೆ ಆ ಬದಿ ಖಾಲಿಯೇ ಇರಲಿ.

ಸರ್ವೋ ಅಥವಾ ಮೋಟಾರಿಗೆ ಬೇರೆ ಸಪ್ಲೈ ಕೊಡಿ, ಊನೋದ 5 ವೋಲ್ಟ್ ಬೇಡ. ಯುಎಸ್‌ಬಿ ದಾರಿಯಲ್ಲಿರುವ ಫ್ಯೂಸ್ 500 ಮಿಲಿಆಂಪಿನದು. ಬೇರೆ ಸಪ್ಲೈ ಕೊಟ್ಟ ಮೇಲೂ ಸರ್ವೋ ನಡುಗುತ್ತಿದ್ದರೆ ಎರಡೂ ಸಪ್ಲೈಗಳ ಗ್ರೌಂಡ್ ಒಂದುಗೂಡಿಸಿದ್ದೀರಾ ನೋಡಿ. ಗ್ರೌಂಡ್ ಸೇರದ ಸಿಗ್ನಲ್‌ಗೆ ಅಳತೆಯ ನೆಲೆಯೇ ಇರುವುದಿಲ್ಲ.

ಪಿನ್ ಸತ್ತಿದೆಯೇ ಎಂದು ತೀರ್ಮಾನಿಸುವುದು

ಪಿನ್ ಸುಟ್ಟಿದೆ ಎಂಬ ತೀರ್ಮಾನಕ್ಕೆ ಬೇಗ ಬರಬೇಡಿ. ಪಿನ್ ಔಟ್‌ಪುಟ್ ಹೈ, 1 ಕಿಲೋಓಮ್ ಗ್ರೌಂಡಿಗೆ: 4.8 ವೋಲ್ಟ್ ಆಸುಪಾಸು ಬರಬೇಕು. ಪಿನ್ ಔಟ್‌ಪುಟ್ ಲೋ, ಅದೇ 1 ಕಿಲೋಓಮ್ 5 ವೋಲ್ಟ್‌ಗೆ: 0.2 ಒಳಗೆ ಬರಬೇಕು. ಇನ್‌ಪುಟ್ ಪುಲ್‌ಅಪ್ ಮಾಡಿ ಮೀಟರನ್ನು ಮೈಕ್ರೋಆಂಪ್ ಸ್ಥಾನದಲ್ಲಿ ಪಿನ್ ಮತ್ತು ಗ್ರೌಂಡ್ ನಡುವೆ ಹಿಡಿದರೆ 100ರಿಂದ 250 ಮೈಕ್ರೋಆಂಪ್ ಬರಬೇಕು. ಮೂರೂ ಸರಿ ಬಂದರೆ ಪಿನ್ ಆರೋಗ್ಯವಾಗಿದೆ, ಮತ್ತೆ ಬ್ರೆಡ್‌ಬೋರ್ಡಿಗೆ ಹೋಗಿ. ಹೈ ಸರಿ ಬಂದು ಲೋ ತಪ್ಪಿದರೆ, ಅಥವಾ ಅದರ ಉಲ್ಟಾ ಆದರೆ, ಒಳಗಿನ ಎರಡು ಟ್ರಾನ್ಸಿಸ್ಟರ್‌ಗಳಲ್ಲಿ ಒಂದು ಹೋಗಿದೆ.

ಯುಎಸ್‌ಬಿ ತೆಗೆದರೂ ಪವರ್ ಎಲ್ಇಡಿ ಮಂಕಾಗಿ ಉರಿಯುತ್ತಿದ್ದರೆ ಬೇರೆ ಸಪ್ಲೈನಲ್ಲಿರುವ ಯಾವುದೋ ಸೆನ್ಸರ್ ಪಿನ್ ಮೂಲಕ, ಚಿಪ್ಪಿನ ರಕ್ಷಣಾ ಡಯೋಡ್ ದಾಟಿ, ಇಡೀ ಬೋರ್ಡಿಗೆ ವಿದ್ಯುತ್ ಕೊಡುತ್ತಿದೆ. ಪಿನ್‌ಗಳು ಸಾಯುವ ದಾರಿಗಳಲ್ಲಿ ಇದೂ ಒಂದು. ಬೋರ್ಡ್ ಆಫ್ ಆದರೆ ಸೆನ್ಸರೂ ಆಫ್ ಆಗುವಂತೆ ಸಪ್ಲೈ ಜೋಡಿಸಿ.

ಸತ್ತ ಪಿನ್ ಬಿಟ್ಟು ಬೇರೆ ಪಿನ್ ಬಳಸಬಹುದು, ಆದರೆ ಚಿಪ್ ಮೇಲೆ ಬೆರಳಿಟ್ಟು ನೋಡಿದ ಮೇಲೆ. ಏನೂ ಜೋಡಿಸದ ಊನೋ ಸುಮಾರು 50 ಮಿಲಿಆಂಪ್ ಎಳೆಯುತ್ತದೆ, ಚಿಪ್ ತಣ್ಣಗೇ ಇರುತ್ತದೆ. ಬಿಸಿ ಹತ್ತುತ್ತಿದ್ದರೆ ಒಳಗೆ ಶಾರ್ಟ್ ಇದೆ, ಆ ಚಿಪ್ ಬದಲಿಸಲೇಬೇಕು. 28 ಕಾಲಿನ ಉದ್ದ ಚಿಪ್ ಸಾಕೆಟ್‌ನಲ್ಲಿ ಕೂತಿರುವ ಬೋರ್ಡ್ ಆದರೆ ಬೂಟ್‌ಲೋಡರ್ (ಯುಎಸ್‌ಬಿಯಿಂದ ಅಪ್‌ಲೋಡ್ ಸ್ವೀಕರಿಸುವ ಪುಟ್ಟ ಪ್ರೋಗ್ರಾಂ) ಇರುವ ಹೊಸ ಎಟಿಮೆಗಾ328ಪಿ ತಂದು ಕೂರಿಸಿ. ಹಳೆಯದನ್ನು ಎಬ್ಬಿಸುವಾಗ ಸ್ಕ್ರೂಡ್ರೈವರ್ ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪವೇ ತೂರಿಸಿ, ಕೂರಿಸುವಾಗ ಚಿಪ್ಪಿನ ಅರ್ಧಚಂದ್ರದ ಕಚ್ಚು ಸಾಕೆಟ್ಟಿನ ಕಚ್ಚಿನ ಕಡೆಗೇ ಇರಲಿ.